ಮೂವತ್ತೊಂದು ಗಂಟು, ಒಂದು ಗುಂಡಿ

ಹೋದ ವಾರ ಹಾನಗಲ್ಲಿನ ಪೇಟೆಗೆ ಛತ್ರಿ ಕೊಳ್ಳಲು ಹೋದವಳು ಖಣ ಕೊಂಡು ಮನೆಗೆ ಬಂದೆ. ತಪ್ಪು ನನ್ನದಲ್ಲ, ವಾಸನೆಯದು. ಛತ್ರಿ ಅಂಗಡಿಗೆ ಹೊಂದಿಕೊಂಡ ಬಟ್ಟೆ ಅಂಗಡಿಯಲ್ಲಿ ಒಬ್ಬ ಅಜ್ಜಿ ಕುಪ್ಪಸಕ್ಕೆ ಖಣ ಆರಿಸುತ್ತಿದ್ದಳು. ಅಂಗಡಿಯವನು ಒಂದೊಂದನ್ನೇ ಬಿಚ್ಚಿ ಝಾಡಿಸಿ ತೋರಿಸುತ್ತಿದ್ದ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹೊಸ ಖಣದ ಗಂಜಿ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನನಗೆ ನಿಂತಲ್ಲೇ ನಗು ಬಂತು. ಅಂಗಡಿಯವನು "ಏನ್ ಬೇಕಾಗಿತ್ರಿ ಅಕ್ಕಾರ" ಎಂದ. ಏನು ಅಂತ ಹೇಳಲಿ? ಮೂರು ವರ್ಷದ ಹಿಂದಿನ, ಸವಣೂರ ಸೀಮೆಯ ಒಂದು ಶ್ರಾವಣ ಬೇಕಾಗಿತ್ತು. ಅದು ಅಂಗಡಿಯಲ್ಲಿ ಸಿಗದ್ದರಿಂದ ಎರಡು ಖಣ ಕಟ್ಟಿಸಿಕೊಂಡೆ.

ನಾನು ಈಗ ಆಡೂರಿನ ಕಡೆಯ ಒಂದು ಉಪಕೇಂದ್ರದಲ್ಲಿ ಆರೋಗ್ಯ ಅಧಿಕಾರಿ. ಅಧಿಕಾರಿ ಎಂಬುದು ಕಾಗದದ ಮೇಲಿನ ಮಾತು, ಊರ ಬಾಯಲ್ಲಿ ನಾನು ಸಿಸ್ಟರ್. ತವರು ಹಿರೇಕೆರೂರು. ಆದರೆ ಈ ಕೆಲಸವನ್ನು ನಾನು ನಿಜವಾಗಿ ಕಲಿತದ್ದು ಸವಣೂರು ತಾಲೂಕಿನಲ್ಲಿ, ಹತ್ತಿಮತ್ತೂರಿನಿಂದ ಒಳರಸ್ತೆ ಹಿಡಿದರೆ ಸಿಗುವ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯ ಮುದುಕಿಯರು ಬಸ್ಸು ಹತ್ತಿ ಬಂದು ನನ್ನ ಜುಟ್ಟು ಹಿಡಿಯುತ್ತಾರೆ. ಒಬ್ಬಳು ಮಾತ್ರ "ನನ್ನ ಹೆಸರು ಬರಿ ತಂಗಿ, ಬರೀದಿದ್ರ ಸುಮ್ನ ಬಿಡೂದಿಲ್ಲ" ಎಂದಿದ್ದಾಳೆ. ಅವಳು ನೀಲವ್ವ, ಊರಿನ ಕುಪ್ಪಸಗಳನ್ನೆಲ್ಲ ಹೊಲಿಯುವವಳು. ಆದ್ದರಿಂದ ಅವಳ ಹೆಸರು ನಿಜವಾದದ್ದೇ, ಉಳಿದವರದನ್ನು ಬದಲಿಸಿದ್ದೇನೆ.

ಆಗ ನನಗೆ ಇಪ್ಪತ್ತಾರು, ಕೆಲಸಕ್ಕೆ ಸೇರಿ ಎರಡು ತಿಂಗಳು. ಮೈಯಲ್ಲಿ ರಕ್ತ ಇತ್ತೋ ಬರೀ ಹುರುಪು ಇತ್ತೋ ಹೇಳಲಾರೆ. ಮೂವತ್ತು ದಾಟಿದವರ ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ನೋಡುವುದು, ಹೆಂಗಸರಿಗೆ ಸ್ತನ ಕ್ಯಾನ್ಸರಿನ ನಾಲ್ಕು ಪ್ರಶ್ನೆ ಕೇಳುವುದು, ಉತ್ತರವನ್ನು ಟ್ಯಾಬಿನಲ್ಲಿ ಒತ್ತುವುದು ನನ್ನ ಕೆಲಸ. ವಯಸ್ಸಾದ ಹೆಂಗಸರು ಉಪಕೇಂದ್ರಕ್ಕೆ ತಾವಾಗಿ ಬರುತ್ತಿರಲಿಲ್ಲ. ಕರೆದರೆ "ನಮಗಿನ್ನ ಏನ್ ಆಗೂದೈತಿ, ಹುಡುಗ್ಯಾರ್ನ ನೋಡ್ರಿ" ಎನ್ನುತ್ತಿದ್ದರು. ಕಳೆ ತೆಗೆಯುವ ಕೂಲಿ ಒಂದು ದಿನ ತಪ್ಪಿದರೂ ಅವರಿಗೆ ಕಷ್ಟ, ಅದೂ ನಿಜ.

ನನಗೆ ಮಾತ್ರ ಆ ವಯಸ್ಸಿನವರನ್ನು ಕಂಡರೆ ಬಿಡಲು ಮನಸ್ಸಾಗುತ್ತಿರಲಿಲ್ಲ. ಕಾರಣ ನನ್ನ ಅಜ್ಜಿ. ಹಿರೇಕೆರೂರಿನ ನಮ್ಮ ಮನೆಯಲ್ಲಿ ಅವಳು ಎದೆಯ ಹುಣ್ಣನ್ನು ಸೆರಗಿನಡಿ ಒಂದು ವರ್ಷ ಮುಚ್ಚಿಟ್ಟಿದ್ದಳು. ಮುಖ ಬಾಡಿದೆಯಲ್ಲ ಎಂದರೆ "ತ್ರಾಸ ಏನಿಲ್ಲ" ಎನ್ನುತ್ತಿದ್ದಳು. ನಮಗೆ ಗೊತ್ತಾಗುವ ಹೊತ್ತಿಗೆ ಡಾಕ್ಟರರು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ನಾನು ಆಗ ಹತ್ತನೆಯ ತರಗತಿ. ಬಹಳ ಸಿಟ್ಟು ಬಂದಿತ್ತು, ಅವಳ ಮೇಲೆ, ಅವ್ವನ ಮೇಲೆ, ಅವಳ ಪಕ್ಕದಲ್ಲೇ ಮಲಗುತ್ತಿದ್ದ ನನ್ನ ಮೇಲೆ. ಆ ಸಿಟ್ಟಿನಲ್ಲೇ ನರ್ಸಿಂಗ್ ಓದಿದೆ.

ಊರಿನ ಆಶಾ ಕಾರ್ಯಕರ್ತೆ ಸಾವಕ್ಕ, ನನ್ನ ಅವ್ವನ ವಯಸ್ಸಿನವಳು. ಯಾವ ಮನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದರ ತನಕ ಎಲ್ಲ ಬಲ್ಲವಳು. ನಾಗರ ಪಂಚಮಿಗೆ ಅವಳ ಮಗಳು ಬಂದಿದ್ದಳು. "ಹಬ್ಬ ಮುಗೀಲಿ ತಡೀರಿ ಮೇಡಂ, ಕೂಡೇ ಹೋಗೂಣು" ಎಂದಳು. ತಡೆಯುವ ಸ್ವಭಾವ ನನ್ನದಲ್ಲ. ಹಬ್ಬಕ್ಕೆ ಹೊಲದ ಕೆಲಸ ಬಿಟ್ಟು ಹೆಂಗಸರೆಲ್ಲ ಮನೆಯಲ್ಲೇ ಸಿಗುತ್ತಾರೆ, ಇದೇ ಸಮಯ ಎಂದು ಒಬ್ಬಳೇ ಟ್ಯಾಬು ಹಿಡಿದು ಹೊರಟೆ.

ಎಂಥ ಪಂಚಮಿ ಅದು. ಒಂದು ವಾರ ಹಿಡಿದ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಬೇವಿನ ಮರಗಳಿಗೆ ಜೋಕಾಲಿ, ಮನೆಮನೆಯಲ್ಲಿ ಎಳ್ಳುಂಡಿ, ಶೇಂಗಾ ಉಂಡಿ. ನನ್ನ ಕೈಗೆ ಸಿಕ್ಕ ಉಂಡಿಗಳನ್ನು ತಿಂದೇ ನನ್ನ ಸಕ್ಕರೆ ಏರಿರಬೇಕು. ಮುದುಕಿಯರೆಲ್ಲ ಹೊಸ ಖಣದ ಕುಪ್ಪಸ ತೊಟ್ಟು ಕಟ್ಟೆಗಳ ಮೇಲೆ ಕೂತಿದ್ದರು. ನಮ್ಮ ಕಡೆಯ ಹಳೆಯ ಹೆಂಗಸರು ಹುಕ್ಕು ಹಾಕುವ ಜಂಪರ್ ತೊಡುವುದಿಲ್ಲ. ಅವರ ಕುಪ್ಪಸದ ಎರಡು ತುದಿಗಳನ್ನು ಮುಂದೆ ಎಳೆದು, ಎದೆಯ ನಡುವೆ ಗಂಟು ಕಟ್ಟುತ್ತಾರೆ. ಆ ಗಂಟನ್ನು ದಯವಿಟ್ಟು ನೆನಪಿಡಿ. ನನ್ನ ಮಾನ ಹೋದದ್ದು ಅದರಿಂದಲೇ.

ಮೊದಲು ಸಿಕ್ಕವಳು ದುರಗವ್ವ. ಎಪ್ಪತ್ತು ದಾಟಿದವಳು, ದನಿ ಮಾತ್ರ ಊರಬಾಗಿಲ ಅಗಸಿಯ ತನಕ ಕೇಳುವಂಥದ್ದು. ನಾನು ಟ್ಯಾಬು ನೋಡುತ್ತ, ಅದರಲ್ಲಿ ಇದ್ದ ಹಾಗೇ ಓದಿದೆ: "ನಿಮ್ಮ ಎದೆಯಲ್ಲಿ ಗಂಟು ಇದೆಯಾ?"

"ಐತಲ್ಲವಾ" ಎಂದಳು ದುರಗವ್ವ.

ಹೌದು ಎಂದು ಒತ್ತಿದೆ. "ಎಷ್ಟು ದಿನದಿಂದ ಇದೆ?"

"ಮೈನೆರತಾಗಿಂದ ಐತಿ."

"ನೋವು?"

"ಬಿಗಿ ಆದ್ರ ಒಂದೀಟು ಹಿಡದಂಗ ಆಕ್ಕೈತಿ. ಸಡ್ಲ ಮಾಡಿದ್ರ ಏನಿಲ್ಲ."

"ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ?"

"ನಮ್ಮವ್ವಗ ಇತ್ತು. ನಮ್ಮತ್ತಿಗೂ ಇತ್ತು. ಈಗಿನ ಸೊಸ್ತ್ಯಾರಿಗೆ ಇಲ್ಲ ನೋಡು."

ಈಗ ಬರೆಯುವಾಗ ನನಗೇ ನಂಬಲು ಆಗುವುದಿಲ್ಲ. ಆದರೆ ಆಗ ನಾನು ತಲೆ ಎತ್ತಿ ಅವಳ ಮುಖ ನೋಡಲಿಲ್ಲ, ಅವಳ ಕೈ ಎಲ್ಲಿದೆ ಎಂದೂ ನೋಡಲಿಲ್ಲ. ನನ್ನ ಅಜ್ಜಿಯೂ ಗಂಟಿನ ಕುಪ್ಪಸವನ್ನೇ ತೊಟ್ಟವಳು, ನಾನೇ ಎಷ್ಟೋ ಸಲ ಕಟ್ಟಿಕೊಟ್ಟಿದ್ದೆ. ಟ್ಯಾಬು ಕೈಗೆ ಬಂದ ಮೇಲೆ ಅದೆಲ್ಲ ಎಲ್ಲಿ ಹೋಯಿತೋ. "ವಂಶದಲ್ಲಿ ಇದೆ" ಎಂಬಲ್ಲಿ ಒತ್ತಿ ಮುಂದಿನ ಮನೆಗೆ ಓಡಿದೆ. ಅಲ್ಲಿಯೂ "ಐತಿ". ಅದರಾಚೆಯೂ "ಐತಿ, ಯಾಕ?" ಗಂಡಸರು ಸುತ್ತಲೂ ಕೂತಿದ್ದರಿಂದ ಹೆಚ್ಚು ಕೆದಕಿ ಕೇಳಲು ನನಗೂ ಸಂಕೋಚ. ಎರಡು ದಿನದಲ್ಲಿ ಮೂವತ್ತೊಂದು ಮಂದಿ ವಯಸ್ಸಾದ ಹೆಂಗಸರು ಗಂಟು ಇದೆ ಎಂದರು. ಇಲ್ಲ ಎಂದವರು ನಾಲ್ಕೇ ಮಂದಿ.

ನನಗೆ ಊಟ ಸೇರಲಿಲ್ಲ. ಇಡೀ ಊರಿಗೆ ಏನೋ ಆಗಿದೆ, ಹತ್ತಿಗೆ ಹೊಡೆಯುವ ಔಷಧ ನೀರಿಗೆ ಇಳಿದಿದೆ, ನಾನು ಅದನ್ನು ಕಂಡುಹಿಡಿದಿದ್ದೇನೆ. ಹೆದರಿಕೆಯ ಜೊತೆ ಸಣ್ಣ ಹೆಮ್ಮೆಯೂ ಇತ್ತು, ಸುಳ್ಳು ಹೇಳಬಾರದು. ಮೇಲಿನವರಿಗೆ ಫೋನು ಮಾಡಿ ಒಂದೇ ಉಸಿರಿನಲ್ಲಿ ಒದರಿದೆ. ಅವರು ಹುಬ್ಬಳ್ಳಿಗೆ ಫೋನು ಮಾಡಿದರು. ಎಂಟು ದಿನದೊಳಗೆ ಒಂದು ಭಾನುವಾರ, ಎದೆಯ ಚಿತ್ರ ತೆಗೆಯುವ ಯಂತ್ರ ಇದ್ದ ದೊಡ್ಡ ವ್ಯಾನು ಕೆಸರು ಹಾರಿಸುತ್ತ ನಮ್ಮ ಊರಿನ ಶಾಲೆಯ ಮುಂದೆ ನಿಂತಿತು. ಅದರಿಂದ ಇಳಿದವರು ನರೆಗೂದಲಿನ ಒಬ್ಬ ಡಾಕ್ಟರ್ ಮೇಡಂ, ಕ್ಯಾನ್ಸರ್ ನೋಡುವವರು, ಧಾರವಾಡದ ಕಡೆಯವರು. ಸಾವಕ್ಕ ಶಾಲೆಯ ಕೋಣೆಗೆ ಚಾದರ ಕಟ್ಟಿ ಮರೆ ಮಾಡಿದ್ದಳು.

ಮುದುಕಿಯರು ಸಾಲಾಗಿ ಬಂದರು. ಬರುವುದೇನು, ಹೊಸ ಸೀರೆ ಉಟ್ಟು, ಹೂ ಮುಡಿದು ಬಂದರು. ಮೊದಲು ದುರಗವ್ವ. ನಾನು ಕಡತ ಹಿಡಿದು ಮರೆಯೊಳಗೆ ನಿಂತಿದ್ದೆ.

"ಎಲ್ಲೈತಿ ಅಜ್ಜಿ ಗಂಟು?" ಎಂದರು ಡಾಕ್ಟರ್.

ದುರಗವ್ವ ಸೆರಗು ಸರಿಸಿ ಕುಪ್ಪಸದ ಗಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಇದ ನೋಡ್ರಿ ಡಾಕ್ಟ್ರಬಾಯಾರ. ನೀಲವ್ವನ ಕೈಯಾಂದು, ಹೊಲಿಗಿ ಭಾಳ ಚಂದ ಐತಿ. ನಿಮಗೂ ಬೇಕಾಗಿತ್ತೇನು?"

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ಗಂಟನ್ನು ನೋಡಿದೆ. ಕೆಳಗಿನ ಕಡಪಾ ಕಲ್ಲು ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು. ಎರಡನೆಯವಳೂ ಗಂಟು ತೋರಿಸಿದಳು. ಮೂರನೆಯವಳು "ಸರ್ಕಾರದವ್ರು ಕುಪ್ಪಸ ಕೊಡತಾರಂತ, ಅಳತಿ ತಗೋಳಾಕ ಬಂದೀರಿ ಅಂದ್ಕೊಂಡೆ" ಎಂದಳು. ಹೊರಗೆ ಸಾವಕ್ಕನಿಗೆ ವಿಷಯ ತಿಳಿದು, ಅವಳು ಬಾಯಿಗೆ ಸೆರಗು ಹಿಡಿದು ಗೋಡೆಗೆ ಒರಗಿದಳು.

"ಏನವಾ ಸಿಸ್ಟರ್, ಮೂವತ್ತೊಂದೂ ಮಂದಿದು ಕುಪ್ಪಸದ ಗಂಟ ಬರದೀಯೇನು?" ಎಂದರು ಡಾಕ್ಟರ್.

ನನ್ನ ಕಣ್ಣಲ್ಲಿ ನೀರು ಬಂತು. ಕ್ಷಮಿಸಿ ಎಂದೆ. ಅವರು ಕನ್ನಡಕ ಒರೆಸಿಕೊಂಡರು. ನಗುತ್ತಿದ್ದರು.

"ಅಳಬ್ಯಾಡ. ಮೂವತ್ತು ವರ್ಷ ಆತು ನಾ ಕ್ಯಾಂಪ್ ಮಾಡಾಕತ್ತು. ಕುಪ್ಪಸ ಬಿಚ್ಚರಿ ಅಂದ್ರ ಮುದುಕ್ಯಾರು ಓಡಿ ಹೋಗ್ತಾರ. ಇಲ್ಲಿ ತಾವ ಗಂಟ ಹಿಡಕೊಂಡು ಪಾಳೆ ಹಚ್ಚಿ ನಿಂತಾರ. ಬಂದೇವಿ, ಎಲ್ಲಾರ್ನೂ ನೋಡೇ ಹೋಗೂಣು. ಕಳಸು."

ಹಾಗೆ ನನ್ನ ತಪ್ಪಿನ ಮೂವತ್ತೊಂದು ಗಂಟುಗಳು ಒಂದೊಂದಾಗಿ ಬಿಚ್ಚಿದವು. ಆ ದಿನ ಆ ಕೋಣೆಯಲ್ಲಿ ಇದ್ದ ಗದ್ದಲವನ್ನು ಮದುವೆ ಮನೆಯಲ್ಲೂ ನಾನು ಕೇಳಿಲ್ಲ. ತಣ್ಣಗಿನ ಕೈಗೆ ಬೈಗುಳ, ಒಬ್ಬರಿಗೊಬ್ಬರು ಚೇಷ್ಟೆ, ವ್ಯಾನಿನ ಯಂತ್ರಕ್ಕೆ "ರೊಟ್ಟಿ ತಟ್ಟಿದಂಗ ತಟ್ಟತೈತಿ ಮುಂಡೇದು" ಎಂಬ ಬಿರುದು. ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದೂ ಮುಗಿಯಿತು. ಯಾರಿಗೂ ಏನೂ ಇರಲಿಲ್ಲ. ದುರಗವ್ವ "ಏನೂ ಇಲ್ಲಂತ ಚೀಟಿ ಬರದ ಕೊಡ್ರಿ, ಸೊಸಿಗೆ ತೋರಸ್ತೇನಿ" ಎಂದು ಹಟ ಹಿಡಿದು ಬರೆಸಿಕೊಂಡಳು.

ಡಾಕ್ಟರ್ ಕೈ ತೊಳೆಯುತ್ತ ಸುಮ್ಮನೆ ಕೇಳಿದರು. "ಗಂಟು ಇಲ್ಲ ಅಂದವ್ರು ಯಾರರ ಅದಾರೇನು?"

ನಾಲ್ವರಲ್ಲಿ ಮೂವರು ವ್ಯಾನು ನೋಡಲೆಂದೇ ಬಂದು ತೋರಿಸಿಕೊಂಡಿದ್ದರು. ಉಳಿದವಳು ನೀಲವ್ವ. "ಎಲ್ಲಾರ ಗಂಟು ಹೊಲಿದಾಕಿ ಆಕಿ. ಆಕಿ ಹಾಕ್ಕೊಳ್ಳೂದು ಜಂಪರ್. ಅದಕ್ಕ ಇಲ್ಲ ಅಂದಾಳ" ಎಂದಳು ಸಾವಕ್ಕ. "ಕರಕೊಂಡು ಬಾ, ಆಕಿದೊಂದು ಮುಗಿಸಿ ಹೋಗಿಬಿಡತೇವಿ" ಎಂದರು ಡಾಕ್ಟರ್. ನಾನು ಓಡಿದೆ.

ನೀಲವ್ವನ ಮನೆ ಊರಿನ ತೆಂಕಣ ಓಣಿಯಲ್ಲಿ. ಒಂದೇ ಅಂಕಣ, ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ನು. ಅರವತ್ತಮೂರು ವರ್ಷ, ಸಣಕಲು ಮೈ. ಗಂಡ ಸತ್ತ ಮೇಲೆ ಆ ಮಿಷನ್ನಿನ ಮೇಲೆಯೇ ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. "ನಿಮ್ಮ ಪಂಚಮಿ ನನ್ನ ಮಿಷನ್ ಮ್ಯಾಲೆ ಬರ್ತೈತಿ" ಎಂದು ಊರವರಿಗೆ ಹೇಳುತ್ತಿದ್ದಳು. ಹಬ್ಬ ಮುಗಿದರೂ ಅವಳ ಮುಂದೆ ಅರಿವೆಗಳ ರಾಶಿ ಇತ್ತು.

"ನಾ ಇಲ್ಲಂತ ಹೇಳೇನಲ್ಲ ತಂಗಿ" ಎಂದಳು, ತುಳಿಯುವುದನ್ನು ನಿಲ್ಲಿಸದೆ.

ಏದುಸಿರು ಬಿಡುತ್ತ ನನ್ನ ಮಾನ ಹೋದ ಕಥೆ ಹೇಳಿದೆ. ಮಿಷನ್ನು ನಿಂತಿತು. ಅವಳು ನಕ್ಕಳು ನೋಡಿ, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. "ನಾ ಹೊಲಿದದ್ದೆಲ್ಲಾ ಡಾಕ್ಟ್ರು ಬಿಚ್ಚಿ ನೋಡಿದ್ರಂದಂಗಾತು" ಎಂದಳು. ಆಮೇಲೆ ಮಿಷನ್ನಿನ ಮೇಲಿದ್ದ ತಗಡಿನ ಡಬ್ಬಿ ತೆರೆದು, ಒಂದು ಗುಂಡಿ ಹೆಕ್ಕಿ, ಹೊಲಿಯುತ್ತಿದ್ದ ಅರಿವೆಯ ಕೆಳಗೆ ಸರಿಸಿದಳು. ನನ್ನ ಬೆರಳು ಹಿಡಿದು ಅದರ ಮೇಲೆ ಇಟ್ಟಳು.

"ಹಿಂಗ ಸಿಕ್ಕರ ಅದಕ್ಕ ನಿಮ್ಮ ಟ್ಯಾಬಿನ್ಯಾಗ ಏನಂತಾರ?"

ನಾನು ಅರಿವೆಯ ಮೇಲಿನಿಂದ ಒತ್ತಿ ನೋಡಿದೆ.

"ಗುಂಡಿ" ಎಂದಳು. "ಎಡಕ ಐತಿ. ಹ್ವಾದ ದೀಪಾವಳಿಗೆ ಅಂಗಿ ಗುಂಡಿ ಅಷ್ಟಿತ್ತು. ಈಗ ಕೋಟಿನ ಗುಂಡಿ ಆಗೇತಿ. ತ್ರಾಸ ಏನಿಲ್ಲ. ನೀ ಗಂಟು ಐತೇನು ಅಂತ ಕೇಳಿದಿ. ಗಂಟಾದ್ರ ಬಿಚ್ಚತೈತಿ. ಇದು ಬಿಚ್ಚೂದಿಲ್ಲ. ಅದಕ್ಕ ಇಲ್ಲ ಅಂದೆ."

ನನ್ನ ಅಜ್ಜಿಯ ಮಾತು, ಅಕ್ಷರ ಬದಲಾಗದೆ: ತ್ರಾಸ ಏನಿಲ್ಲ. ನಾನು ನೀಲವ್ವನ ಕೈ ಹಿಡಿದು ಎಬ್ಬಿಸಿದೆ. ಅವಳು ಚಪ್ಪಲಿ ಹುಡುಕತೊಡಗಿದಳು, ಆಗ ಶಾಲೆಯ ಕಡೆಯಿಂದ ವ್ಯಾನು ಚಾಲೂ ಆದ ಸದ್ದು ಕೇಳಿತು. ಅಂಗಳದಲ್ಲಿ ನಿಂತು ನಾನು "ಸಾವಕ್ಕಾ, ನಿಂದರಸು" ಎಂದು ಒದರಿದೆ. ಸಾವಕ್ಕ ಏನು ಎತ್ತ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ವ್ಯಾನಿನ ಮುಂದೆ ಎರಡು ಕೈ ಅಗಲಿಸಿ ನಿಂತಳು. ಡ್ರೈವರ್ ಹಾರ್ನು ಹೊಡೆದ. ಅವಳು ಅದಕ್ಕೂ ಅಲುಗಲಿಲ್ಲ. ನಾವಿಬ್ಬರೂ ಕೆಸರಿನಲ್ಲಿ ಬರಿಗಾಲಲ್ಲಿ ಓಡಿ ಬಂದೆವು.

ಡಾಕ್ಟರ್ ಕೈಯಿಟ್ಟು ನೋಡಿದರು. ಯಂತ್ರದಲ್ಲಿ ನೋಡಿದರು, ಸೂಜಿ ಹಾಕಿ ಒಂದಿಷ್ಟು ಮಾದರಿ ತೆಗೆದರು. ಹೋಗುವಾಗ ನನ್ನ ಹೆಗಲು ಹಿಡಿದು "ಒಳ್ಳೇ ತಪ್ಪು ಮಾಡೀದಿ" ಎಂದರು.

ವರದಿ ಬರಲು ಹತ್ತು ದಿನ ಹಿಡಿಯಿತು. ಅದು ಕ್ಯಾನ್ಸರೇ ಆಗಿತ್ತು. ಆದರೆ ಸಣ್ಣದು, ಅಲ್ಲೇ ಇದ್ದಂತೆ ಕಾಣುತ್ತದೆ, ತಡ ಮಾಡಬೇಡಿ ಎಂದು ಡಾಕ್ಟರ್ ಫೋನಿನಲ್ಲಿ ಹೇಳಿದರು. ಈ ಮಾತನ್ನು ನೀಲವ್ವನಿಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಬರೆದು ಅಳಿಸಿದೆ. ಹೇಳಿದ ಮೇಲೆ ಅವಳು ಸಾವಿನ ಬಗ್ಗೆ ಕೇಳಲೇ ಇಲ್ಲ.

"ಎಡಗೈಗೆ ಏನರ ಆಕ್ಕೈತೇನು?"

ಸುಳ್ಳು ಹೇಳಬಾರದೆಂದು ನಿಜ ಹೇಳಿದೆ. ಎದೆಯ ಜೊತೆ ಬಗಲಿನ ಗ್ರಂಥಿಗಳನ್ನೂ ತೆಗೆಯುತ್ತಾರೆ, ಕೆಲವರಿಗೆ ಕೈ ಬಾತುಕೊಳ್ಳುತ್ತದೆ, ಕೆಲದಿನ ಎತ್ತಲು ಆಗುವುದಿಲ್ಲ, ವ್ಯಾಯಾಮ ಮಾಡಿದರೆ ಬಹುತೇಕ ಸರಿಹೋಗುತ್ತದೆ. "ಬಹುತೇಕ" ಎಂಬ ಮಾತು ಅವಳಿಗೆ ಸೇರಲಿಲ್ಲ ಎಂದು ಮುಖ ನೋಡಿದಾಗ ಗೊತ್ತಾಯಿತು. ಈ ಸಲ ನಾನು ಮುಖ ನೋಡುತ್ತಿದ್ದೆ.

ಆದರೂ ಹೊರಟಳು. ಮಗ ಸೊಸೆ ಇಬ್ಬರೂ ಗೋವಿನಜೋಳದ ಗೊಬ್ಬರದ ಕೆಲಸಕ್ಕೆ ಹೋಗಲೇಬೇಕಿತ್ತು, ಆಪರೇಷನ್ ದಿನ ಬರುತ್ತೇವೆ ಎಂದರು. ಅಷ್ಟು ದಿನ ಜೊತೆಗೆ ಇರಲು ದುರಗವ್ವ ತಾನಾಗಿ ಬಂದಳು, ಬಗಲಲ್ಲಿ ಒಂದು ದೊಡ್ಡ ಅರಿವೆ ಗಂಟು. ಸವಣೂರಿನಿಂದ ಶಿಗ್ಗಾವಿಗೆ ಬಂದು ಅಲ್ಲಿ ಹುಬ್ಬಳ್ಳಿ ಬಸ್ಸು ಹಿಡಿಯಬೇಕು. ಶಿಗ್ಗಾವಿ ಬಸ್ ನಿಲ್ದಾಣದಲ್ಲಿ ಚಹಾ ಕುಡಿದೆವು. ಬಸ್ಸು ಬಂತು. ನೀಲವ್ವ ಏಳಲಿಲ್ಲ.

"ನಾ ಒಲ್ಲೆ" ಎಂದಳು.

"ಯಾಕ?"

"ಎಡಗೈ ಅಂದ್ರ ಅರಿವಿ ಹಿಡಿಯೂ ಕೈ. ಅದು ಹ್ವಾದ್ರ ಮಿಷನ್ ಹೋತು. ಮಿಷನ್ ಹ್ವಾದ ಮ್ಯಾಲೆ ಯಾಂವ ಬಂದು ನೀಲವ್ವ ಅಂತ ಕರೀತಾನ? ಮೂಲ್ಯಾಗ ಕುಂತು ಸೊಸಿ ಹಾಕಿದ್ದು ಉಣ್ಣೂದು. ಅದಕ್ಕಿಂತ ಇದ್ದಷ್ಟ ದಿನ ಹೊಲಕೊಂತ ಇರ್ತೇನಿ."

ನನ್ನ ಬಾಯಿಗೆ ಬ್ರೇಕಿಲ್ಲ. ಬೈದೆ. ಅಜ್ಜಿಯ ಕಥೆಯನ್ನೂ ಹೇಳಿದೆ, ಹುಣ್ಣಿನ ವಾಸನೆಯ ಸಮೇತ. ಜನ ತಿರುಗಿ ನೋಡಿದರು. ಅವಳು ಎದ್ದೇಳಲಿಲ್ಲ. ಎರಡನೇ ಬಸ್ಸೂ ಹೋಯಿತು. ನನಗೆ ಸೋತು ಹೋದೆ ಅನ್ನಿಸಿತು. ಬೆಂಚಿನ ತುದಿಗೆ ಕೂತು ಮುಖ ತಿರುಗಿಸಿಕೊಂಡೆ.

ಅಷ್ಟು ಹೊತ್ತು ಎಲೆ ಅಡಿಕೆ ಜಗಿಯುತ್ತಿದ್ದ ದುರಗವ್ವ ತನ್ನ ಗಂಟನ್ನು ಬೆಂಚಿನ ಮೇಲಿಟ್ಟು ಬಿಚ್ಚಿದಳು. ಒಳಗೆ ಖಣಗಳು. ಹಸಿರು, ಕೆಂಪು, ನೇರಳೆ, ಒಂದರ ಮೇಲೊಂದು. ಹೊಸ ಖಣದ ಗಂಜಿ ವಾಸನೆ ಡೀಸೆಲ್ ವಾಸನೆಯನ್ನೂ ಮೀರಿ ಬಂತು.

"ಏನ ಯಕ್ಕಾ ಇದು? ದವಾಖಾನಿಗೆ ಯಾರರ ಖಣ ತರ್ತಾರೇನು?" ಎಂದಳು ನೀಲವ್ವ.

"ಮನ್ಯಾಗ ಇಟ್ರ ಇಲಿ ಕಡೀತಾವು. ಇದು ನಂದು, ದಸರಾಕ್ಕ ಬೇಕು. ಇದು ಕಲ್ಲವ್ವಂದು, ಬಗಲಿಗೆ ಈ ಸಲ ಬಿಗಿ ಹಿಡೀಬ್ಯಾಡ ಅಂದಾಳ. ಮೂವತ್ತೊಂದ ಮಂದೀದೂ ಅದಾವು. ಮತ್ತೊಬ್ಬರ ಕಡೆ ಹೊಲಸೂದಿಲ್ಲಂತ ಮಾತಾಡೇವಿ. ನೀ ತಡಾ ಮಾಡಿದ್ರ ಹಳೇದ ಹಾಕ್ಕೊಂಡು ಇರ್ತೇವಿ. ಹಿಡಿ."

"ನಾ ಹಿಡಿಯೂದಿಲ್ಲ."

ಅದರ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು. ಖಣ ಕೈಗೆ ತಗೊಂಡರೆ ಹೊಲಿದೇ ಕೊಡಬೇಕು, ಇದು ನೀಲವ್ವನ ನೇಮ. ಆಗದಿದ್ದರೆ ಅವಳು ಖಣ ಮುಟ್ಟುತ್ತಲೇ ಇರಲಿಲ್ಲ. ದುರಗವ್ವ ಒಂದು ಹಸಿರು ಖಣವನ್ನು ಚಾಚಿ ಹಿಡಿದಳು, ಹಿಡಿದೇ ಇದ್ದಳು. ಅವಳ ಮುದಿ ತೋಳು ನಡುಗತೊಡಗಿತು. ಮೂರನೇ ಬಸ್ಸು ಬಂದು ನಿಂತು, ಕಂಡಕ್ಟರ್ ಹುಬ್ಬಳ್ಳಿ ಹುಬ್ಬಳ್ಳಿ ಎಂದು ಕೂಗುತ್ತಿದ್ದ.

ನೀಲವ್ವ ಖಣ ತಗೊಂಡಳು. ಅಂಚು ಉಜ್ಜಿ ನೋಡಿ, "ಇದು ಒಂದ ಸಲ ತೊಳದ್ರ ಬಣ್ಣ ಬಿಡತೈತಿ, ಯಾಂವ ಕೊಟ್ಟಾನ ನಿನಗ" ಎಂದು ಬೈಯುತ್ತ ಬಸ್ಸು ಹತ್ತಿದಳು. ನಾನು ಬಿಚ್ಚಿದ ಗಂಟನ್ನು ಹಾಗೇ ಬಾಚಿ ಅಪ್ಪಿಕೊಂಡು ಹಿಂದೆ ಓಡಿದೆ. ಎರಡು ಖಣ ಕೆಳಗೆ ಬಿದ್ದವು, ಕಂಡಕ್ಟರ್ ಎತ್ತಿಕೊಟ್ಟ.

ಹುಬ್ಬಳ್ಳಿಯಲ್ಲಿ ಡಾಕ್ಟರ್ ಎರಡು ದಾರಿ ಹೇಳಿದರು. ಗೆಡ್ಡೆಯನ್ನಷ್ಟೇ ತೆಗೆದರೆ ವಾರಗಟ್ಟಲೆ ದಿನಾ ಬಂದು ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಳ್ಳಬೇಕು. ಪೂರ್ತಿ ತೆಗೆದರೆ ಅವಳಿಗೆ ಅದು ಬೇಕಾಗಲಿಕ್ಕಿಲ್ಲ. "ದಿನಾ ಯಾಂವ ಬರ್ತಾನ? ಪೂರಾ ತಗೀರಿ, ಕೈ ಅಷ್ಟು ನನಗ ಬಿಡ್ರಿ" ಎಂದಳು ನೀಲವ್ವ. ಸರ್ಕಾರದ ಆರೋಗ್ಯ ಕಾರ್ಡಿನ ಮೇಲೆ, ಖರ್ಚಿಲ್ಲದೆ ಆಪರೇಷನ್ ಆಯಿತು. ಇನ್ನು ಬಗಲಿನ ವರದಿ ಬರಬೇಕು. ಅಲ್ಲಿಗೆ ಹರಡಿದ್ದರೆ ಹಾದಿ ಬಹಳ ದೂರ.

ಫೋನು ಬಂದಾಗ ನಾನು ಅಂಗನವಾಡಿಯಲ್ಲಿ ಕೂಸುಗಳಿಗೆ ಲಸಿಕೆ ಹಾಕುತ್ತಿದ್ದೆ. "ಗುಂಡಿ ಗುಂಡಿ ಆಗೇ ಇತ್ತು ಸಿಸ್ಟರ್. ಬಗಲಾಗ ಏನೂ ಇಲ್ಲ. ದಿನಾ ಒಂದು ಗುಳಿಗಿ, ಅಷ್ಟ" ಎಂದರು ಡಾಕ್ಟರ್. ನಾನು ಕಿರುಚಿದ್ದಕ್ಕೆ ಸೂಜಿ ಚುಚ್ಚದಿದ್ದ ಕೂಸುಗಳೂ ಅತ್ತವು. ಸಾವಕ್ಕ ನನ್ನನ್ನು ಹಿಡಿದುಕೊಂಡು ಕುಣಿದಳು. ಅರ್ಧ ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಗಿ, ಯಾರೋ ನನ್ನ ಬಾಯಿಗೆ ಬೆಲ್ಲ ತುರುಕಿದರು.

ಆಮೇಲಿನದು ನಿಧಾನದ ಕೆಲಸ. ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸಬೇಕು, ದಿನಾ ಒಂದಿಷ್ಟು ಮೇಲೆ. ನೀಲವ್ವ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡಳು. ಕೈ ಬಾತಿದೆಯೇ ಎಂದು ನೋಡಲು ನಾನು ಟೇಪು ತಂದರೆ ಅದನ್ನು ಪಕ್ಕಕ್ಕಿಟ್ಟು, ತನ್ನದೇ ಹೊಲಿಗೆ ಟೇಪಿನಲ್ಲಿ ಎರಡೂ ತೋಳು ಅಳೆದು ಹೇಳುತ್ತಿದ್ದಳು. ಒಮ್ಮೊಮ್ಮೆ ನೋವಿಗೆ ಹಲ್ಲು ಕಚ್ಚುತ್ತಿದ್ದಳು. ಒಂದು ದಿನ ಗೋಡೆಗೆ ಹಣೆಯಿಟ್ಟು ಅತ್ತಳು, ನಾನು ನೋಡಿಯೂ ನೋಡದ ಹಾಗೆ ಹೊರಗೆ ನಿಂತೆ. ದಸರೆಗೆ ಮೂರೇ ಕುಪ್ಪಸ ಆದವು. ದೀಪಾವಳಿಗೆ ಹನ್ನೊಂದು. ಊರಿನ ಮುದುಕಿಯರು ಹಳೆಯದನ್ನೇ ತೊಟ್ಟು ಬನ್ನಿ ಹಂಚಿದರು, ಕೇಳಿದವರಿಗೆ "ನಮ್ಮ ಟೇಲರ್ ರಜಾದಾಗ ಅದಾಳ" ಎಂದರು.

ಆ ಚಳಿಗಾಲ ನಾಲ್ಕು ತಾಲೂಕಿನ ಸಿಸ್ಟರ್‌ಗಳ ಸಭೆ ಇತ್ತು. ಎದ್ದು ನಿಂತು ನನ್ನ ಮೂವತ್ತೊಂದು ಗಂಟಿನ ಕಥೆಯನ್ನು ನಾನೇ ಹೇಳಿದೆ. ನಕ್ಕು ನಕ್ಕು ಸುಸ್ತಾದ ಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಶಿಗ್ಗಾವಿಯವಳು, ಎದೆಯ ಇಂಥ ಗಂಟಿಗೆ ನಮ್ಮಲ್ಲಿ ಗಡ್ಡಿ ಅಂತಾರೆ ಎಂದಳು. ನನ್ನ ಹಿರೇಕೆರೂರಿನವಳೇ ಒಬ್ಬಳು, ಕಾಳು ಅಂದರೆ ಮಾತ್ರ ತಿಳಿಯುತ್ತದೆ ಎಂದಳು. ಹಾನಗಲ್ಲಿನವಳು ತನ್ನ ಟ್ಯಾಬಿನಲ್ಲಿ ಇಲ್ಲ ಎಂದು ಒತ್ತಿದ್ದ ಹೆಸರುಗಳನ್ನು ಮೇಲಿನಿಂದ ಕೆಳಗೆ ನೋಡುತ್ತ ಕೂತಿದ್ದಳು. ಅಂದಿನಿಂದ ನಾನು ಬಾಗಿಲಲ್ಲಿ ನಿಂತು ಕೇಳುವುದಿಲ್ಲ. ಒಳಗೆ ಹೋಗಿ, ಕೂತು, ಅವರ ಕೈಯನ್ನೇ ಹಿಡಿದು ಇಲ್ಲಿ ಏನಾದರೂ ಸಿಗುತ್ತದೆಯೇ ನೋಡಿ ಎನ್ನುತ್ತೇನೆ.

ಹಾನಗಲ್ಲಿನಲ್ಲಿ ಕೊಂಡ ಎರಡು ಖಣ ನನ್ನ ಮುಂದೆ ಇವೆ. ಬರುವ ಭಾನುವಾರ ಒಯ್ಯಬೇಕು. ಒಂದು ನೀಲವ್ವನಿಗೆ, ಒಂದು ನನಗೇ ಹೊಲಿಸಿಕೊಳ್ಳಲು. ನಾನು ಹುಟ್ಟಿದಾಗಿನಿಂದ ಕುಪ್ಪಸ ತೊಟ್ಟವಳಲ್ಲ, ಅವಳು ಅಳತೆ ತೆಗೆಯುವಾಗ ಏನೇನು ಬೈಯುತ್ತಾಳೋ.

ಆ ಊರಿನಿಂದ ನನಗೆ ವರ್ಗವಾದದ್ದು ವ್ಯಾನು ಬಂದ ಮರುವರ್ಷದ ಶ್ರಾವಣದಲ್ಲಿ. ಹೋಗುವ ಮೊದಲು ಅವಳ ವರ್ಷದ ತಪಾಸಣೆ ನಾನೇ ಮಾಡಬೇಕೆಂದು ಹಟ ಹಿಡಿದಿದ್ದೆ. ಹುಬ್ಬಳ್ಳಿಯ ಪರೀಕ್ಷೆಗಳೆಲ್ಲ ಚೆನ್ನಾಗಿ ಬಂದಿದ್ದವು. ಮಿಷನ್ನಿನ ಮುಂದೆ ಕೂತಿದ್ದ ನೀಲವ್ವ ಜಂಪರ್ ಬಿಟ್ಟು ಖಣದ ಕುಪ್ಪಸ ತೊಟ್ಟಿದ್ದಳು. ಎಡಗಡೆ ಒಳಗೆ ಹತ್ತಿ ತುಂಬಿ ತಾನೇ ಹೊಲಿದುಕೊಂಡಿದ್ದಳು. ಹುಕ್ಕಿನದು ಒಂದು ಕಡೆ ಜೋತು ಬೀಳುತ್ತದೆ, ಇದಾದರೆ ಬೇಕಾದಷ್ಟು ಎಳೆದು ಕಟ್ಟಬಹುದು ಎಂದಳು. ಎಡಗೈ ಮೇಲೆತ್ತಿ ಬುದ್ಧನ ಪಟದ ಧೂಳು ಒರೆಸಿ ತೋರಿಸಿದಳು. ನಾನು ಟ್ಯಾಬು ತೆಗೆದೆ. ಪ್ರಶ್ನೆ ಅದೇ ಇತ್ತು. ಈ ಸಲ ಅವಳ ಮುಖ ನೋಡುತ್ತ ಕೇಳಿದೆ.

"ಎದೆಯಲ್ಲಿ ಗಂಟು ಇದೆಯಾ?"

"ಐತಿ" ಎಂದಳು, ಕುಪ್ಪಸದ ಗಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು. "ನಾನ ಹೊಲದೇನಿ, ನಾನ ಕಟ್ಟೇನಿ. ಹೌದಂತ ಬರಕೋ."

"ಮತ್ತ ಗುಂಡಿ?"

ನೀಲವ್ವ ಮಿಷನ್ನಿನ ಮೇಲಿದ್ದ ತಗಡಿನ ಡಬ್ಬಿ ಎತ್ತಿ ನನ್ನ ಕಿವಿಯ ಹತ್ತಿರ ಅಲುಗಾಡಿಸಿದಳು.

"ಎಲ್ಲಾ ಇದರಾಗ ಅದಾವು."